ನಾಯಿಮರಿ ಕೊಟ್ಟ ಬೀಗಿತ್ತಿ

ಹಲಸೂರಿನ ನಮ್ಮ ಮನೆಯನ್ನು ನೋಡಿ ಮೂಗು ಮುರಿದವರು ಯಾರೂ ಇಲ್ಲ. ಅಜ್ಜ ಕಟ್ಟಿಸಿದ ಮನೆ. ಕೆಳಗೆ ಬಾಡಿಗೆಯವರು, ಮೇಲೆ ನಾವು. ಕೆಂಪು ಗಾರೆಯ ನೆಲ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಹೆಣ್ಣು ಕೊಡುವ ಮುಂಚೆ ಮನೆ ನೋಡಲು ಬಂದ ನನ್ನ ಮಾವನವರು ಆ ನೆಲವನ್ನೇ ಕಾಲಲ್ಲಿ ಸವರಿ ಸವರಿ ನೋಡಿ, ನನ್ನನ್ನು ಸರಿಯಾಗಿ ನೋಡುವುದನ್ನೇ ಮರೆತು ಒಪ್ಪಿಕೊಂಡು ಹೋದರು. ಅಂಥ ಮನೆಯನ್ನು ಹೊಸ್ತಿಲ ಮೇಲೆ ನಿಂತು ಫೇಲ್ ಮಾಡಿದವರು ಒಬ್ಬರೇ ಒಬ್ಬರು. ಆಕೆ ಕಳೆದ ವರ್ಷ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಹೆಸರು ಹೊರಗೆ ಬಂದರೆ ಮರಿ ಕೇಳುವವರ ಕಾಟ ಶುರುವಾಗುತ್ತದೆ ಎಂದು ಗದರುತ್ತಿದ್ದರು. ಈಗ ಆಕೆಯೂ ಇಲ್ಲ, ಮರಿಗಳೂ ಇಲ್ಲ, ಗದರಿಸಿಕೊಳ್ಳುವ ಭಯ ಮಾತ್ರ ನನಗೆ ಹಾಗೇ ಇದೆ. ನಾವೆಲ್ಲ ಅವರನ್ನು ಬೀಗಿತ್ತಿ ಎಂದೇ ಕರೆಯುತ್ತಿದ್ದೆವು.

ಇದೆಲ್ಲ ಶುರುವಾದದ್ದು ನನ್ನ ಹೆಂಡತಿ ಸುಮಾಳಿಂದ. ಹಲಸೂರು ಕೆರೆಯ ಹತ್ತಿರ ಯಾರದೋ ಡ್ಯಾಶ್‌ಹೌಂಡ್ ನಾಯಿ ಅವಳ ಚಪ್ಪಲಿ ಮೂಸಿತಂತೆ. ಉದ್ದ ಮೈ, ಗಿಡ್ಡ ಕಾಲು, ಹೊಟ್ಟೆ ನೆಲಕ್ಕೆ ತಾಗುತ್ತದೇನೋ ಎಂಬಂತೆ ಓಡಾಡುವ, ಇಡೀ ಬೆಂಗಳೂರು ‘ಡ್ಯಾಶ್’ ಎಂದು ಕರೆಯುವ ಜಾತಿ. ಮನೆಗೆ ಬಂದವಳು ಅದೊಂದನ್ನೇ ಜಪಿಸತೊಡಗಿದಳು. ಆ ನಾಯಿಯ ಯಜಮಾನರು ಒಂದು ನಂಬರು ಕೊಟ್ಟು, ‘ಹೊರಮಾವಲ್ಲಿ ಒಬ್ರಿದ್ದಾರೆ. ಕೊಡ್ತಾರೋ ಇಲ್ವೋ ಹೇಳಕ್ಕಾಗಲ್ಲ’ ಎಂದಿದ್ದರಂತೆ.

ನಾನು ಫೋನ್ ಮಾಡಿದೆ. ‘ಮೇಡಂ, ಒಂದು ನಾಯಿಮರಿ ಬೇಕಿತ್ತು.’

‘ಯಾಕೆ?’

ನನ್ನದು ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಪಕ್ಕದ ಗಲ್ಲಿಯಲ್ಲಿ ಕನ್ನಡಕದ ಅಂಗಡಿ. ಗಿರಾಕಿ ಬಂದು ಕನ್ನಡಕ ಬೇಕು ಅಂದರೆ ಯಾಕೆ ಎಂದು ನಾನು ಕೇಳುತ್ತೇನೆಯೇ?

‘ಹಗಲೊತ್ತು ಮನೇಲಿ ಯಾರಿರ್ತಾರೆ?’

‘ಅಮ್ಮ ಇರ್ತಾರೆ.’

‘ಅಮ್ಮನ್ನ ಕೇಳಿದ್ರಾ?’

‘ಇಲ್ಲ.’

‘ಮೊದ್ಲು ಅವ್ರನ್ನ ಕೇಳಿ. ಆಮೇಲೆ ನನ್ನ ಕೇಳಿ. ಮತ್ತೆ ಈ ಮೇಡಂ ಗೀಡಂ ಬೇಡ. ಮೇಡಂ ಕುಕ್ ಟೌನಲ್ಲಿದ್ರು, ನಾನು ಹೊರಮಾವಿನೋಳು.’ ಫೋನ್ ಇಟ್ಟೇಬಿಟ್ಟರು.

ನನಗೆ ಉರಿದುಹೋಯಿತು. ದುಡ್ಡು ಕೊಟ್ಟು ತರುವ ನಾಯಿಗೆ ಇಷ್ಟು ಮಾತು ಕೇಳಬೇಕೇ ಎಂದು ಹಾರಾಡಿದೆ. ಆದರೆ ಅಮ್ಮನನ್ನು ಕೇಳಿದ್ದೂ ನಾನೇ. ಅಮ್ಮನಿಗೆ ನಾಯಿ ಕಂಡರೆ ಆಗದು, ಬೀದಿಯಲ್ಲಿ ನಾಯಿ ಎದುರಾದರೆ ನನ್ನ ತೋಳು ಹಿಡಿದುಕೊಳ್ಳುವವರು. ಆಶ್ಚರ್ಯವೆಂದರೆ, ನಾಯಿ ಕೊಡುವವರು ತನ್ನ ಒಪ್ಪಿಗೆ ಕೇಳಿದ್ದಾರೆ ಎಂಬುದೇ ಅಮ್ಮನಿಗೆ ಬಹಳ ಹಿಡಿಸಿಬಿಟ್ಟಿತು. ‘ಈ ಮನೇಲಿ ನನ್ನ ಕೇಳಿ ಯಾವ ಕೆಲ್ಸ ಆಗಿದೆ? ಆ ಹೆಂಗಸಿಗೆ ಬುದ್ಧಿ ಇದೆ. ಬರ್ಲಿ’ ಎಂದರು.

ಮರಿ ಅಷ್ಟು ಸುಲಭಕ್ಕೆ ಬರುವಂತಿರಲಿಲ್ಲ. ಮೊದಲು ನಾವು ಅಲ್ಲಿಗೆ ಹೋಗಬೇಕು, ಮರಿಯ ತಾಯಿತಂದೆಯನ್ನು ನೋಡಬೇಕು. ಆಮೇಲೆ ಆಕೆ ನಮ್ಮ ಮನೆ ನೋಡಲು ಬರಬೇಕು. ಇದು ಆಕೆಯ ಶಾಸ್ತ್ರ. ಹೊರಮಾವಿನಲ್ಲಿ ಅಪಾರ್ಟ್‌ಮೆಂಟುಗಳ ಬೆನ್ನಿಗೆ ಹಳೇ ಊರಿನ ಬೀದಿ ಇನ್ನೂ ಉಳಿದಿದೆ. ರಾಗಿ, ಸೊಪ್ಪು ಬೆಳೆಯುತ್ತಿದ್ದ ಅವರ ಹೊಲದಲ್ಲಿ ಈಗ ಬಾಡಿಗೆ ಮನೆಗಳು. ಹಿತ್ತಲು ಮಾತ್ರ ಹಾಗೇ ಇತ್ತು, ಅಲ್ಲೊಂದು ಹೊಂಗೆ ಮರ, ಮರದ ಕೆಳಗೆ ಹಂಚಿನ ಮನೆ. ಆಕೆಯ ಸೊಸೆಗೆ ನಾಯಿಯ ರೋಮದಿಂದ ಉಬ್ಬಸ ಬರುತ್ತಿತ್ತು, ಹಾಗಾಗಿ ನಾಯಿಗಳಿಗೆ ಅಲ್ಲಿ ಬೇರೆ ಸಂಸಾರ. ಬೆಳಗ್ಗೆ ಎದ್ದರೆ ಆಕೆಯೂ ಅಲ್ಲೇ. ದಪ್ಪ ಅಂಚಿನ ಕಾಟನ್ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೂರಲು ಒಂದು ಗಿಡ್ಡ ಮಣೆ. ಮಾತಾಡುವಾಗ ಕೈ ಸುಮ್ಮನಿರುತ್ತಿರಲಿಲ್ಲ. ಯಾವುದಾದರೂ ನಾಯಿಯ ಕಿವಿ ಮಡಚಿ ನೋಡುವುದು, ಬಾಯಿ ಮೂಸುವುದು, ಬೆನ್ನಿನ ಮೇಲೆ ಹೆಬ್ಬೆರಳು ಓಡಿಸುವುದು ನಡೆದೇ ಇರುತ್ತಿತ್ತು.

ಕುಕ್ ಟೌನಿನ ಮೇಡಂ ಯಾರೆಂದು ಅಂದೇ ಗೊತ್ತಾಯಿತು. ಹೊರಮಾವಿನ ಈಕೆ ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಕುಕ್ ಟೌನಿನ ಬಂಗಲೆಗಳಿಗೆ ಸೊಪ್ಪು ಹಾಕಲು ಹೋಗುತ್ತಿದ್ದರಂತೆ. ಒಂದು ಬಂಗಲೆಯ ಮೇಡಂ ಡ್ಯಾಶ್ ಸಾಕಿದ್ದರು. ಸೊಪ್ಪಿನ ಬುಟ್ಟಿ ಇಳಿಸಿ ಈ ಹುಡುಗಿ ನಾಯಿಗಳ ಹತ್ತಿರ ಕೂತರೆ ಏಳುತ್ತಲೇ ಇರಲಿಲ್ಲ. ಮದುವೆಯಾಗಿ ಹೊರಮಾವಿಗೆ ಬಂದಾಗ ಮೇಡಂ ಒಂದು ಹೆಣ್ಣುಮರಿ ಕೊಟ್ಟರು, ಕೊಡುವ ಮೊದಲು ಸ್ವತಃ ಬಂದು ಮನೆ ನೋಡಿದರು. ಹಾಗಾಗಿ ಆಕೆಯ ನಾಯಿಗಳಿಗೆ ಎರಡು ಭಾಷೆ. ಅಪ್ಪಣೆಯೆಲ್ಲ ಮೇಡಂ ಇಂಗ್ಲಿಷಿನಲ್ಲಿ, ‘ಸಿಟ್ ಡೌನ್ ಪ್ಲೀಸ್’, ‘ನೋ ನಾನ್ಸೆನ್ಸ್’. ಮುದ್ದು ಮತ್ತು ಬೈಗುಳ ಕನ್ನಡದಲ್ಲಿ. ನಾಯಿಗಳು ಪ್ಲೀಸ್ ಅಂದರೆ ಮಾತ್ರ ಕೂರುತ್ತಿದ್ದವು. ಮುಂದೆ ನಮ್ಮ ಮನೆಗೆ ಬಂದ ಮರಿ ರಾಗಿ ಈಗಲೂ ಅಷ್ಟೆ.

‘ನಾಯಿಗೂ ಗೋತ್ರ ನೋಡ್ಬೇಕು’ ಎಂದರು ಆಕೆ, ಮರಿಗಳ ತಂದೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು. ‘ಇವನ ಕಡೆ ಅಜ್ಜಿ ಮುತ್ತಜ್ಜಿ ಯಾರು, ಅವಳ ಕಡೆ ಯಾರು, ಎಲ್ಲ ತಿಳ್ಕೊಂಡು, ಬೆನ್ನಿನ ಎಕ್ಸ್‌ರೇ ತೆಗ್ಸಿ, ಕಣ್ಣು ತೋರ್ಸಿ, ಆಮೇಲೆ ಕೂಡಿಸ್ತೀನಿ. ಒಳಗೊಳಗೇ ಸಂಬಂಧ ಮಾಡಿದ್ರೆ ರೋಗನೂ ಒಳಗೇ ಉಳಿಯುತ್ತೆ. ನಮ್ಮಲ್ಲಿ ಅಕ್ಕನ ಮಗಳನ್ನೇ ತಂದ್ಕೋತಾರೆ. ನನ್ನನ್ನೂ ಸೋದರಮಾವನಿಗೇ ಕೊಟ್ರು. ಮನುಷ್ಯರು ಹೇಗೋ ಮಾಡ್ಕೊಳ್ಳಿ, ನನ್ನ ನಾಯಿಗಳಿಗೆ ಅದು ಬೇಡ.’ ಪಕ್ಕದ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದ ಆ ಸೋದರಮಾವ ಉರುಫ್ ಗಂಡ ತಲೆಯೆತ್ತದೆ ನಕ್ಕರು.

ಅಲ್ಲೇ ಮರಿಗಳನ್ನು ಕಂಡೆವು. ಆ ಸೂಲಿಗೆ ಧಾನ್ಯಗಳ ಹೆಸರು: ರಾಗಿ, ಜೋಳ, ಸಾಮೆ, ನವಣೆ. ನವಣೆಯನ್ನು ಮುಂದಿನ ತಲೆಮಾರಿಗೆಂದು ಆಕೆ ಇಟ್ಟುಕೊಳ್ಳುವವರಿದ್ದರು. ಸುಮಾ ರಾಗಿಯನ್ನು ಎತ್ತಿಕೊಂಡಳು, ರಾಗಿ ಅವಳ ದುಪಟ್ಟದ ಮೇಲೆ ಉಚ್ಚೆ ಹೊಯ್ದಳು, ಇವಳು ಕೆಳಗಿಡಲಿಲ್ಲ. ಆಕೆ ಅದನ್ನು ಗಮನಿಸಿದರು. ‘ಭಾನುವಾರ ಮನೆ ನೋಡಕ್ಕೆ ಬರ್ತೀನಿ’ ಎಂದರು.

ಮನೆ ನೋಡಲು ಬರುತ್ತಾರೆ ಎಂದರೆ ನಮಗೆ ಗೊತ್ತಿದ್ದುದು ಒಂದೇ ರೀತಿ. ಅಮ್ಮ ಕೇಸರಿಬಾತು, ಖಾರಾಬಾತು ಮಾಡಿದರು. ಸುಮಾ ಪರದೆ ಬದಲಾಯಿಸಿದಳು. ನಾನು ಮನೆಯ ಚಾಪೆ, ಕಾಲೊರೆಸುವ ಬಟ್ಟೆ ಎಲ್ಲ ಸುತ್ತಿ ಅಟ್ಟಕ್ಕೆ ಹಾಕಿ, ಶನಿವಾರವಿಡೀ ಮಂಡಿಯೂರಿ ಕೂತು ನೆಲಕ್ಕೆ ಪಾಲಿಶ್ ಹಚ್ಚಿ ಉಜ್ಜಿದೆ. ನೆಲ ಹೇಗೆ ಹೊಳೆಯಿತೆಂದರೆ ಫ್ಯಾನು ತಿರುಗುವುದು ಕೆಳಗೂ ಕಾಣುತ್ತಿತ್ತು.

ಆಕೆ ಹೊಸ್ತಿಲ ಮೇಲೆ ನಿಂತರು. ಒಳಗೆ ಬರಲಿಲ್ಲ. ಕೈಚೀಲದಿಂದ ಒಂದು ನಿಂಬೆಹಣ್ಣು ತೆಗೆದು ನೆಲದ ಮೇಲೆ ಮೆಲ್ಲಗೆ ಬಿಟ್ಟರು. ಅದು ನಡುಮನೆ ದಾಟಿ, ಊಟದ ಮನೆ ದಾಟಿ, ದೇವರ ಕೋಣೆಯ ಬಾಗಿಲಿಗೆ ಹೋಗಿ ಹೊಡೆಯಿತು.

‘ಫೇಲು’ ಎಂದರು.

ಅಮ್ಮನ ಕೈಯಲ್ಲಿದ್ದ ಕೇಸರಿಬಾತಿನ ತಟ್ಟೆ ಅಲ್ಲೇ ನಿಂತಿತು. ಈ ನೆಲದ ಮೇಲೆ ಡ್ಯಾಶ್ ಓಡಿದರೆ ಕಾಲು ಜಾರಿ ಬೆನ್ನು ಉಳುಕುತ್ತದೆ. ಉದ್ದ ಬೆನ್ನಿನ ಜಾತಿ, ಒಮ್ಮೆ ಬೆನ್ನು ಹೋದರೆ ಹಿಂಗಾಲು ಹೋದಂತೆ. ಮೆಟ್ಟಿಲಂತೂ ಅದು ತಾನಾಗಿ ಹತ್ತಿಳಿಯಲೇ ಕೂಡದು, ಜೀವನಪೂರ್ತಿ ಎತ್ತಿಕೊಂಡೇ ಹೋಗಬೇಕು. ಇಷ್ಟನ್ನೂ ಆಕೆ ನಿಂತೇ ಹೇಳಿದರು. ನನ್ನ ಮಂಡಿ ಇನ್ನೂ ಉರಿಯುತ್ತಿತ್ತು. ಸಿಟ್ಟು ನೆತ್ತಿಗೇರಿ, ‘ಅಜ್ಜನ ಕಾಲದ ನೆಲ ರೀ ಇದು’ ಎಂದೆ.

‘ಅಜ್ಜಂಗೆ ಎರಡು ಕಾಲು ಸ್ವಾಮಿ’ ಎಂದರು ಆಕೆ. ಸುಮಾ ನಕ್ಕುಬಿಟ್ಟಳು. ಅಮ್ಮನೂ ನಕ್ಕರು. ನನ್ನ ಪರ ಆ ಮನೆಯಲ್ಲಿ ಯಾರೂ ಉಳಿಯಲಿಲ್ಲ.

ಫೇಲಾದರೂ ತಿಂಡಿ ತಿಂದು ಹೋಗಿ ಎಂದು ಅಮ್ಮ ಒಳಗೆ ಕರೆದು ಕೂರಿಸಿದರು. ಕೇಸರಿಬಾತು ತಿನ್ನುತ್ತಾ ಆಕೆ ತಮ್ಮ ಕಟ್ಟಳೆ ಹೇಳಿದರು. ‘ನನ್ನ ಹಿತ್ತಲಲ್ಲಿ ಹುಟ್ಟಿದ ನಾಯಿ ಬೀದಿಗೆ ಬೀಳಬಾರ್ದು, ಕಂಡೋರ ಕೈಗೂ ಹೋಗಬಾರ್ದು. ಸಾಕೋಕಾಗ್ಲಿಲ್ವಾ, ನನಗೇ ತಂದ್ಬಿಡಿ. ಮುದಿಯಾಗಿರ್ಲಿ, ಕುಂಟಾಗಿರ್ಲಿ. ಕೊಡುವಾಗ ನೂರು ಪ್ರಶ್ನೆ ಕೇಳ್ತೀನಿ. ವಾಪಸ್ ತಂದಾಗ ಒಂದೂ ಕೇಳಲ್ಲ. ತವರಿಗೆ ಬಂದ ಮಗಳನ್ನ ಯಾಕೆ ಬಂದೆ ಅಂತ ಬಾಗ್ಲಲ್ಲಿ ನಿಲ್ಸಿ ಕೇಳ್ತಾರಾ?’

ಅಮ್ಮ ನೇರ ಮಾತಿನವರು. ‘ಅಲ್ಲಮ್ಮ, ನಿಮಗೂ ವಯಸ್ಸಾಯ್ತು. ನೀವೇ ಇಲ್ಲದಾಗ ಯಾರಿಗೆ ತಂದ್ಕೊಡೋದು?’

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಕೆ ತಟ್ಟೆಯನ್ನು ಕೆಳಗಿಟ್ಟರು. ಆಮೇಲೆ, ‘ಇಷ್ಟು ಜನಕ್ಕೆ ಮರಿ ಕೊಟ್ಟೆ, ಈ ಪ್ರಶ್ನೆ ಯಾರೂ ಕೇಳಿರಲಿಲ್ಲ ಅಕ್ಕ. ಉತ್ತರ ನಂಗೆ ಗೊತ್ತಿಲ್ಲ. ಗೊತ್ತಾದ ದಿನ ಬಂದು ಹೇಳ್ತೀನಿ’ ಎಂದರು. ಆ ಘಳಿಗೆಯಿಂದ ಅವರಿಬ್ಬರೂ ಗೆಳತಿಯರು.

ನಾವು ಮನೆಯ ಉದ್ದಗಲಕ್ಕೂ ತೆಂಗಿನ ನಾರಿನ ಮ್ಯಾಟು ಹಾಸಿದೆವು. ಅಜ್ಜನ ನೆಲ ಮುಚ್ಚಿಹೋಯಿತು. ಮೆಟ್ಟಿಲ ತಲೆಗೆ ಚಿಕ್ಕ ಮರದ ಗೇಟು ಬಂತು. ಎರಡನೇ ಸಲ ಬಂದಾಗ ಆಕೆಯ ಕಂಕುಳಲ್ಲಿ ಒಂದು ಬೂದುಗುಂಬಳಕಾಯಿ. ದೊಡ್ಡ ಡ್ಯಾಶ್ ಎಷ್ಟು ಭಾರ ಇರುತ್ತದೋ ಅಷ್ಟೇ ಭಾರದ್ದನ್ನು ಹುಡುಕಿ ತಂದಿದ್ದರು. ಅದನ್ನು ಎತ್ತಿಕೊಂಡು ನಾನೂ ಸುಮಾಳೂ ಮೆಟ್ಟಿಲು ಇಳಿದು ಹತ್ತಬೇಕು. ‘ಎದೆಗೊಂದು ಕೈ, ಕುಂಡೆಗೊಂದು ಕೈ. ನೇರ ಹಿಡೀರಿ. ಬೆನ್ನು ಬಾಗ್ಬಾರ್ದು.’ ಕುಂಬಳಕಾಯಿಗೆ ಎದೆ ಯಾವುದು, ಕುಂಡೆ ಯಾವುದು? ಕೆಳಗಿನ ಬಾಡಿಗೆಯವರು ಬಾಗಿಲಿಗೆ ಬಂದು ನಿಂತು, ಕುಂಬಳಕಾಯಿಯನ್ನು ಕೂಸಿನಂತೆ ಹಿಡಿದು ಇಳಿಯುತ್ತಿದ್ದ ತಮ್ಮ ಓನರನ್ನು ನೋಡಿದರು. ಆಮೇಲೆ ಅಮ್ಮ ಅದನ್ನೇ ಹೆಚ್ಚಿ ಮಜ್ಜಿಗೆಹುಳಿ ಮಾಡಿದರು. ನಾವು ಪಾಸು.

ರಾಗಿಯನ್ನು ಕಳಿಸಿಕೊಟ್ಟದ್ದು ಹೆಣ್ಣು ಕಳಿಸಿದ ಹಾಗೇ. ತಾಯಿನಾಯಿ ಮಲಗುತ್ತಿದ್ದ ಹಳೇ ಸೀರೆಯ ತುಂಡು ಜೊತೆಗೆ ಕೊಟ್ಟರು, ವಾಸನೆ ಇದ್ದರೆ ಅಳುವುದಿಲ್ಲವೆಂದು. ‘ಬೀಗರೇ, ಹುಷಾರು’ ಎಂದು ನನಗೆ ಕೈಮುಗಿದರು. ಮರಿ ಒಯ್ದವರೆಲ್ಲ ಆಕೆಗೆ ಬೀಗರು. ಹಾಗಾಗಿ ಆಕೆ ನಮಗೆಲ್ಲ ಬೀಗಿತ್ತಿ.

ವರ್ಷಕ್ಕೊಮ್ಮೆ, ಗೌರಿ ಹಬ್ಬದ ಹಿಂದಿನ ಭಾನುವಾರ, ಮಕ್ಕಳು ತವರಿಗೆ ಬರಲೇಬೇಕು. ಆ ದಿನ ಹೊರಮಾವಿನ ಆ ಬೀದಿ ನೋಡಬೇಕಿತ್ತು. ಆಟೋದಿಂದ, ಕಾರಿನಿಂದ, ಸ್ಕೂಟರಿನ ಮುಂದಿನ ಬುಟ್ಟಿಯಿಂದ ಡ್ಯಾಶ್‌ಗಳು ಇಳಿಯುತ್ತಿದ್ದವು. ನಮಗೆ ಬಾಗಿನ, ನಾಯಿಗಳಿಗೆ ಬೇಯಿಸಿದ ಮೊಟ್ಟೆ. ಅದಕ್ಕೂ ಮೊದಲು ಪ್ರತಿ ನಾಯಿಯೂ ಮಣೆಯ ಮುಂದೆ ಹಾಜರಾಗಿ ಹಲ್ಲು, ಉಗುರು, ಬೆನ್ನು ತೋರಿಸಬೇಕು. ದಪ್ಪ ಮಾಡಿ ತಂದವರಿಗೆ ಎಲ್ಲರೆದುರೇ ಮಂಗಳಾರತಿ. ‘ಇದು ನಾಯಿನಾ, ಬೂದುಗುಂಬಳಕಾಯಿನಾ ಬೀಗರೇ?’ ಒಂದು ವರ್ಷ ನಾನೂ ಅನ್ನಿಸಿಕೊಂಡೆ. ತುಪ್ಪದ ದೋಸೆ ಹಾಕುತ್ತಿದ್ದವರು ಅಮ್ಮ. ಪಕ್ಕದಲ್ಲೇ ಏನೂ ಗೊತ್ತಿಲ್ಲದವರ ಹಾಗೆ ಹೊಂಗೆ ಮರ ನೋಡುತ್ತಾ ನಿಂತಿದ್ದರು.

ಇಂಥದೇ ಒಂದು ಭಾನುವಾರ ದೊಡ್ಡ ಕಾರಿನಲ್ಲಿ ಒಬ್ಬಾತ ಬಂದ. ಸಾಕುಪ್ರಾಣಿಗಳ ಅಂಗಡಿಯವನಂತೆ. ಮೈಮೇಲೆ ಮಚ್ಚೆ ಮಚ್ಚೆ ಇರುವ ಡ್ಯಾಶ್‌ಗೆ ಈಗ ಬಹಳ ಬೇಡಿಕೆ, ನಿಮ್ಮ ಮಚ್ಚೆಯ ಗಂಡನ್ನು ನನ್ನ ಮಚ್ಚೆಯ ಹೆಣ್ಣಿಗೆ ಬಿಡಿ, ಕೇಳಿದ್ದು ಕೊಡುತ್ತೇನೆ ಎಂದ. ಮಚ್ಚೆಗೆ ಮಚ್ಚೆ ಕೂಡಿಸಿದರೆ ಹುಟ್ಟುವ ಮರಿಗಳಲ್ಲಿ ಕೆಲವು ಕುರುಡೋ ಕಿವುಡೋ ಆಗುತ್ತವೆ ಎಂದು ಆಕೆ ತಾಳ್ಮೆಯಿಂದಲೇ ಹೇಳಿದರು. ‘ಕೆಲವು ತಾನೇ ಆಂಟಿ’ ಎಂದ ಆತ.

ಆಕೆ ನನ್ನ ಕಡೆ ಬೆರಳು ತೋರಿಸಿದರು. ‘ಇವ್ರು ನಮ್ಮ ಬೀಗರು, ಕನ್ನಡಕದ ಅಂಗಡಿ ಇದೆ. ನಾಯಿಗೆ ಕನ್ನಡಕ ಮಾಡ್ಕೊಡ್ತಾರಾ ಕೇಳು. ಕೊಡ್ತಾರೆ ಅಂದ್ರೆ ಆಮೇಲೆ ಮಾತಾಡಣ.’ ನಾನು ಗಂಭೀರವಾಗಿ ಇಲ್ಲ ಎಂದು ತಲೆಯಾಡಿಸಿದೆ. ‘ನೋ ನಾನ್ಸೆನ್ಸ್’ ಎಂದರು ಆಕೆ. ಸುತ್ತ ಇದ್ದ ಡ್ಯಾಶ್‌ಗಳೆಲ್ಲ ತಮಗೇ ಹೇಳಿದ್ದೆಂದು ತೆಪ್ಪಗಾದವು. ಕಾರಿನವನೂ ತೆಪ್ಪಗೆ ಹೊರಟ.

ಆಕೆಯ ಮಾತಿಗೆ ತೂಕ ಎಷ್ಟಿತ್ತೆಂದು ನಾನು ಕಣ್ಣಾರೆ ಕಂಡದ್ದು ಸಾಮೆಯ ದಿನ. ನಮ್ಮ ರಾಗಿಯ ಅಣ್ಣ ಸಾಮೆಯನ್ನು ಕುಕ್ ಟೌನಿನವರೊಬ್ಬರು ಒಯ್ದಿದ್ದರು. ರಾಗಿಯ ಉಗುರು ತೋರಿಸಲೆಂದು ನಾವು ಹೊರಮಾವಿಗೆ ಹೋಗಿದ್ದಾಗ ಅವರು ಸಾಮೆಯನ್ನು ಟವೆಲಿನಲ್ಲಿ ಸುತ್ತಿ ತಂದರು. ಬೆನ್ನು ಹೋಗಿತ್ತು, ಹಿಂಗಾಲು ಎಳೆಯುತ್ತಿದ್ದ. ಪಾಪ, ಆ ಮನುಷ್ಯ ಅಳುತ್ತಾ, ‘ಜಾರ್ಲಿಲ್ಲ ಅಮ್ಮ, ಮೆಟ್ಲು ಹತ್ತಿಸಿಲ್ಲ, ನಾವೇನೂ’ ಎಂದು ಶುರುಮಾಡಿದರು.

‘ನಾನು ಕೇಳಿದ್ನಾ?’ ಎಂದರು ಆಕೆ. ಎರಡೂ ಕೈ ಚಾಚಿ, ಎದೆಗೊಂದು ಕೈ, ಕುಂಡೆಗೊಂದು ಕೈ ಕೊಟ್ಟು ಎತ್ತಿಕೊಂಡರು. ‘ಬಂದ್ಯಾ ಕಂದ. ಬಾ.’

ಅಷ್ಟೆ. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.

ಡಾಕ್ಟರ ಔಷಧಿ, ದಿನಾ ಬಿಸಿನೀರಿನ ತೊಟ್ಟಿಯಲ್ಲಿ ಕಾಲು ಆಡಿಸುವುದು, ಹೊಂಗೆ ಎಣ್ಣೆ ಹಚ್ಚಿ ನೀವುವುದು, ಇವೆಲ್ಲ ತಿಂಗಳುಗಟ್ಟಲೆ ನಡೆದು ಸಾಮೆ ಎದ್ದು ನಿಂತ. ಕುಡಿದವರ ಹಾಗೆ ಓಲಾಡಿಕೊಂಡೇ ಹಿತ್ತಲೆಲ್ಲ ಓಡಾಡಿ, ತನ್ನ ಆಯಸ್ಸು ಇರುವಷ್ಟು ದಿನ ತವರಿನಲ್ಲೇ ಸುಖವಾಗಿದ್ದ. ಆದರೆ ಆಕೆ ಮಾಡಿದ ಇನ್ನೊಂದು ಕೆಲಸ ನಮಗೆ ಯಾರಿಗೂ ಅರಗಲಿಲ್ಲ. ಎಕ್ಸ್‌ರೇಯಲ್ಲಿ ಕಾಣದ ದೋಷ ರಕ್ತದಲ್ಲಿ ಇರಬಹುದೆಂದು ಸಾಮೆಯ ತಂದೆತಾಯಿಗೆ ಇನ್ನು ಮರಿಯಾಗದಂತೆ ಆಪರೇಷನ್ ಮಾಡಿಸಿಬಿಟ್ಟರು. ಆಸೆಯಿಂದ ಮುಂದಿನ ತಲೆಮಾರಿಗೆ ಇಟ್ಟುಕೊಂಡಿದ್ದ ನವಣೆಗೂ ಮಾಡಿಸಿದರು. ನವಣೆಯಂಥ ಚೆಲುವೆ ಆ ಹಿತ್ತಲಲ್ಲಿ ಹುಟ್ಟಿರಲಿಲ್ಲ.

‘ಹೊಟ್ಟೆ ಉರಿಯಲ್ವಾ ಬೀಗಿತ್ತಿಯವರೇ?’ ಎಂದು ಕೇಳಿದೆ.

‘ಉರಿಯುತ್ತೆ’ ಎಂದರು. ‘ಆದ್ರೆ ಬೇರೆಯೋರ ಮನೇಲಿ ಇನ್ನೊಂದು ಸಾಮೆ ಬೀಳೋದಕ್ಕಿಂತ ನನ್ನ ಹೊಟ್ಟೆ ಉರಿಯೋದು ವಾಸಿ. ಬೇರೆ ಜೋಡಿ ಹುಡುಕಿ ಮತ್ತೆ ಶುರು ಮಾಡ್ಬಹುದು. ಮಾಡಲ್ಲ. ಈಗ ಹುಟ್ಟೋ ಮರಿ ಮುದಿಯಾಗೋ ಹೊತ್ತಿಗೆ ನಾನಿರಲ್ಲ. ವಾಪಸ್ ತಗೊಳ್ಳೋಕಾಗದಿದ್ರೆ ಹುಟ್ಟಿಸಬಾರ್ದು.’ ನಾನು ಇನ್ನೊಂದು ಮರಿ ಕೇಳಬೇಕೆಂದೇ ಅಂದು ಹೋಗಿದ್ದೆ. ಕೇಳದೆ ಬಂದೆ.

ಅದಾಗಿ ಕೆಲವು ವರ್ಷಗಳ ಮೇಲೆ ಆಕೆಯ ಗಂಡ ತೀರಿಕೊಂಡರು. ಆಕೆಗೂ ಎದೆಯ ತೊಂದರೆ ಶುರುವಾಯಿತು. ಹಿತ್ತಲಲ್ಲಿ ಉಳಿದದ್ದು ನವಣೆ ಒಬ್ಬಳೇ. ಒಂದು ಮಧ್ಯಾಹ್ನ, ಹೇಳದೆ ಕೇಳದೆ, ಆಕೆ ಆಟೋದಲ್ಲಿ ನಮ್ಮ ಮನೆಗೆ ಬಂದಿಳಿದರು. ಮೆಟ್ಟಿಲು ಹತ್ತಿ ಸುಧಾರಿಸಿಕೊಂಡರು. ಮನೆ ಅಂದು ರಣರಂಗವಾಗಿತ್ತು, ಮಡಚದ ಬಟ್ಟೆ, ರಾಗಿ ಕಿತ್ತ ಮ್ಯಾಟಿನ ನಾರು. ಆಕೆ ಕಾಫಿ ಕುಡಿಯುತ್ತಾ ಅತ್ತಿತ್ತ ಓಡಾಡಿ, ಮೆಟ್ಟಿಲ ಗೇಟಿನ ಚಿಲಕ ಎಳೆದು ನೋಡಿ, ನಡುವೆ ರಾಗಿಯ ಬೆನ್ನ ಮೇಲೆ ಹೆಬ್ಬೆರಳು ಓಡಿಸಿದರು. ಅಮ್ಮನ ಮಂಡಿ ನೋವು ಹೇಗಿದೆ, ಸುಮಾ ಆಫೀಸಿಂದ ಎಷ್ಟೊತ್ತಿಗೆ ಬರ್ತಾಳೆ, ನಾನು ಊರಿಗೆ ಹೋದರೆ ಯಾರು ನೋಡ್ಕೋತಾರೆ ಎಂದೆಲ್ಲ ಕೇಳಿದರು. ನನಗೆ ಎಲ್ಲೋ ಕೇಳಿದ ಪ್ರಶ್ನೆಗಳು ಅನ್ನಿಸಿತು.

‘ಇವತ್ತು ಕುಂಬಳಕಾಯಿ ತಂದಿಲ್ವಾ?’ ಎಂದೆ ತಮಾಷೆಗೆ.

‘ಇಲ್ಲ. ನವಣೆನೇ ತಂದಿದ್ದೀನಿ. ಕೆಳಗೆ ಆಟೋದಲ್ಲಿದ್ದಾಳೆ. ಎತ್ಕೊಂಡು ಬನ್ನಿ, ಹೇಗೆ ಎತ್ತುತ್ತೀರೋ ನೋಡ್ತೀನಿ.’

ನಾನು ಎದೆಗೊಂದು ಕೈ, ಕುಂಡೆಗೊಂದು ಕೈ ಕೊಟ್ಟು ನವಣೆಯನ್ನು ತಂದೆ. ಅಕ್ಕತಂಗಿಯರು ಮೂಗಿಗೆ ಮೂಗು ಕೊಟ್ಟು, ಮ್ಯಾಟಿನ ಮೇಲೆ ಮನೆ ತುಂಬ ಓಡಿದರು. ಆಕೆ ಅಮ್ಮನ ಕಡೆ ತಿರುಗಿದರು. ‘ಅವತ್ತು ಕೇಳಿದ್ರಲ್ಲ ಅಕ್ಕ, ಉತ್ತರ ತಂದಿದ್ದೀನಿ. ಬದುಕಿರೋ ನಾಯಿಗಳ ಮನೆಗೆಲ್ಲ ಹೋಗಿ ಬಂದೆ. ಇನ್ಮೇಲೆ ತವರು ನಾನಲ್ಲ. ಒಂದೊಂದು ನಾಯಿಗೂ ಅದರ ಒಡಹುಟ್ಟಿದೋರ ಮನೇನೇ ತವರು. ಎಲ್ಲಾ ಬೀಗರೂ ಒಪ್ಕೊಂಡಿದ್ದಾರೆ. ನಿಮ್ಮ ಪಾಲಿಗೆ ನವಣೆ. ಕೆ.ಆರ್. ಪುರದ ಜೋಳಕ್ಕೂ ನೀವೇ ತವರು. ಆಗಲ್ಲ ಅಂದ್ರೆ ಈಗ್ಲೇ ಹೇಳಿ, ಬೇಜಾರಿಲ್ಲ. ನಾನೂ ನಿಮ್ಮನ್ನ ಫೇಲ್ ಮಾಡಿದ್ನಲ್ಲ.’

ಅವತ್ತು ನಮ್ಮ ಮನೆಗೆ ಯಾಕೆ ಬಂದರೆಂದು ಆಗ ಅರ್ಥವಾಯಿತು. ಆಕೆ ನವಣೆಗಾಗಿ ಮನೆ ನೋಡಲು ಬಂದಿದ್ದರು. ಅಮ್ಮ ಒಳಗೆ ಹೋಗಿ ರವೆ ಹುರಿಯತೊಡಗಿದರು. ಮನೆಯೆಲ್ಲ ಕೇಸರಿಬಾತಿನ ಘಮ. ಅದೇ ಒಪ್ಪಿಗೆ. ಹೊರಡುವಾಗ ಆಕೆ ನವಣೆಯನ್ನು ತಿರುಗಿ ನೋಡಿ, ‘ಸಿಟ್ ಡೌನ್ ಪ್ಲೀಸ್’ ಎಂದರು. ನವಣೆ ಕೂತಳು. ಆಕೆ ಮೆಟ್ಟಿಲಿಳಿದು ಹೋಗುವವರೆಗೂ ಕೂತೇ ಇದ್ದಳು. ಆಮೇಲಿನ ಗೌರಿ ಹಬ್ಬಕ್ಕೆ ಆಕೆಯೇ ನಮ್ಮ ಮನೆಗೆ ಬಂದು ಬಾಗಿನ ತಗೊಂಡು ಹೋದರು, ನಗುನಗುತ್ತಾ. ಅದೇ ಕೊನೆ.

ಹೋದ ವಾರ ಅಮ್ಮನ ಕೈಯಲ್ಲಿದ್ದ ನನ್ನ ಫೋನು ಹೊಡೆದುಕೊಂಡಿತು. ಅಮ್ಮ ಸ್ಪೀಕರಿಗೆ ಹಾಕಿದರು. ಕೆ.ಆರ್. ಪುರದ ಬೀಗರು, ಜೋಳವನ್ನು ಸಾಕಿದವರು. ‘ಅಮ್ಮ, ಜೋಳನ್ನ ಇನ್ನು ನಮ್ಮ ಕೈಲಿ ಇಟ್ಕೊಳ್ಳೋಕಾಗ್ತಿಲ್ಲ. ಅವನಿಗೂ ವಯಸ್ಸಾಗಿದೆ. ತಪ್ಪು ತಿಳ್ಕೋಬೇಡಿ, ಏನಾಯ್ತು ಅಂದ್ರೆ ನಮ್ಮನೇಲಿ’

‘ನಾನು ಕೇಳಿದ್ನಾ?’ ಎಂದರು ಅಮ್ಮ. ನಾಯಿ ಕಂಡರೆ ನನ್ನ ತೋಳು ಹಿಡಿದುಕೊಳ್ಳುತ್ತಿದ್ದ ನಮ್ಮಮ್ಮ. ‘ಕರ್ಕೊಂಡು ಬನ್ನಿ. ಅವನ ತವರು ಇದು.’

ಅವರ ಮನೆಯಲ್ಲಿ ಏನಾಯಿತೆಂದು ನಮಗೆ ಇವತ್ತಿಗೂ ಗೊತ್ತಿಲ್ಲ. ಫೋನಿಟ್ಟ ಅಮ್ಮ, ಜೋಳನ ಹಾಸಿಗೆ ಅಡುಗೆಮನೆ ಬಾಗಿಲ ಬಳಿ ಇರಲಿ, ಆದ್ರೆ ಅಲ್ಲಿ ಹಳೇ ಮ್ಯಾಟು ಸವೆದು ನೆಲ ಸ್ವಲ್ಪ ಜಾರುತ್ತೆ ಎಂದರು. ನಾನು ಅಂಗಡಿಗೆ ಹೋಗುವುದನ್ನು ಬಿಟ್ಟು ಇನ್ನೊಂದು ಮ್ಯಾಟು ತರಲು ಹೊರಟೆ.